ಕೈಗುಣದ ದೊಡ್ಡಮ್ಮ

ಕೈಗುಣ ಎನ್ನುವುದು ಇದ್ದವರಿಗೆ ಇರುತ್ತದೆ, ಇಲ್ಲದವರು ತಲೆಕೆಳಗಾಗಿ ನಿಂತರೂ ಬರುವುದಿಲ್ಲ. ದೊಡ್ಡಮ್ಮ ನೆಟ್ಟ ಗಿಡ ಒಂದಾದರೂ ಬದುಕಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಅವಳು ಮಾಡಿದ ಚಹಾ ಕುಡಿದವರು ಎರಡನೇ ಸಲ ಕೇಳಿದ್ದಿಲ್ಲ. ಆದರೂ ಅವಳ ಕೈಯಿಂದ ಒಂದು ಮಾತ್ರೆ ಇಸಿದುಕೊಂಡು ನುಂಗಿದರೆ ಎಂಥ ಕಾಯಿಲೆಯೂ ಬಾಲ ಮುದುರಿಕೊಂಡು ಓಡುತ್ತದೆ ಎಂದು ಬೀದಿಗೆ ಬೀದಿಯೇ ನಂಬಿತ್ತು. ದೊಡ್ಡಮ್ಮನಂತೂ ಬೀದಿಗಿಂತ ಒಂದು ಕೈ ಹೆಚ್ಚೇ ನಂಬಿದ್ದಳು.

ಹಾಗೆಂದು ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಬಟ್ಟೆ ಹೊಲಿಯುವವಳು. ಗಂಡ ಕಟಿಂಗ್ ಮಾಸ್ಟರ್ ಆಗಿದ್ದ. ಸಾಯುವಾಗ ಬಿಟ್ಟುಹೋದದ್ದು ಕಾಲಲ್ಲಿ ತುಳಿಯುವ ಒಂದು ಮೆಷಿನ್ನು, ಒಂದು ಭಾರದ ಕತ್ತರಿ, ಮತ್ತು ‘ಅಳತೆ ಮುಟ್ಟಿದ ಮೇಲೆ ಕತ್ತರಿ ನಿಲ್ಲಬೇಕು’ ಎನ್ನುವ ಒಂದು ಮಾತು. ಮೆಷಿನ್ನು ಹತ್ತು ಸಲ ರಿಪೇರಿಗೆ ಹೋಯಿತು, ಕತ್ತರಿ ಸಾಣೆ ಹಿಡಿಸಿಕೊಂಡು ಹಿಡಿಸಿಕೊಂಡು ಸವೆಯಿತು, ಮಾತು ಮಾತ್ರ ಹೊಸದಾಗಿಯೇ ಉಳಿಯಿತು. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಹಲಗೆ, ಗೋಡೆಯ ಮೊಳೆಗಳಿಗೆಲ್ಲ ಅರ್ಧ ಹೊಲಿದ ಶರ್ಟುಗಳು. ಹಿಂದಿನ ಕೋಣೆಯಲ್ಲಿ ಒಲೆ ಮತ್ತು ಎರಡು ಮಂಚ. ಪಾಯಿಖಾನೆ ಹಿತ್ತಲಿನ ಕೊನೆಯಲ್ಲಿ, ಅಕ್ಕಪಕ್ಕದ ಮನೆಗಳಿಗೂ ಅದೇ.

ಎರಡನೇ ಮಂಚ ಚಿಕ್ಕಮ್ಮನದು. ಅವಳು ದೊಡ್ಡಮ್ಮನ ಒಡಹುಟ್ಟಿದ ತಂಗಿ. ಅಕ್ಕನನ್ನು ದೊಡ್ಡಮ್ಮ ಎಂದು ಕರೆದ ಬೀದಿ ಇವಳನ್ನು ಚಿಕ್ಕಮ್ಮ ಎಂದು ಕರೆಯಿತು, ಅಷ್ಟೆ. ಎಷ್ಟೋ ವರ್ಷದ ಹಿಂದೆ ಗಂಡನ ಜೊತೆ ಜಗಳವಾಡಿ, ಒಂದು ಚೀಲ ಹಿಡಿದು ಬಂದು, “ಎರಡು ದಿನ ಇದ್ದು ಹೋಗ್ತೀನಿ ಅಕ್ಕ” ಎಂದಿದ್ದಳು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಗಂಡ ಕರೆಯಲು ಬರಲಿಲ್ಲ, ಇವಳೂ ದಾರಿ ನೋಡಲಿಲ್ಲ. ಅಕ್ಕ ಹೊಲಿದ ಶರ್ಟಿಗೆ ಬಟನ್ ಹಚ್ಚುವುದು, ಬಟನ್ ತೂರುವ ಸೀಳಿಗೆ ದಾರ ಸುತ್ತಿ ಕಾಜಾ ಹಾಕುವುದು ಅವಳ ಪಾಲಿನ ಕೆಲಸ. ಅಕ್ಕನ ಮಾತಿಗೆಲ್ಲ ಕೊಂಕು ತೆಗೆಯುವುದು ಅವಳು ತಾನಾಗಿ ವಹಿಸಿಕೊಂಡ ಇನ್ನೊಂದು ಕೆಲಸ.

“ಕೈಗುಣವಂತೆ ಕೈಗುಣ!” ಎನ್ನುತ್ತಿದ್ದಳು ಚಿಕ್ಕಮ್ಮ, ಬಾಯಲ್ಲಿ ದಾರ ಕಚ್ಚಿಕೊಂಡೇ. “ಇವಳು ನೀರು ಹಾಕಿದ್ರೆ ಪ್ಲಾಸ್ಟಿಕ್ ಗಿಡಾನೂ ಬಾಡುತ್ತೆ.”

“ನೀನು ಸುಮ್ನೆ ಕಾಜಾ ಹಾಕೇ. ಬಾಯಿ ಹಾಕಬೇಡ.”

ಈ ಕೈಗುಣದ ಕಥೆ ಶುರುವಾದದ್ದು ಒಂದು ಹಲ್ಲಿನಿಂದ. ದೊಡ್ಡಮ್ಮನ ದವಡೆ ಊದಿಕೊಂಡು ಮುಖ ಒಂದು ಕಡೆಗೆ ವಾಲಿದಾಗ ಹಲ್ಲಿನ ಡಾಕ್ಟರು ಕೆಂಪು ಹಳದಿ ಬಣ್ಣದ ಮಾತ್ರೆಗಳನ್ನು ಬರೆದುಕೊಟ್ಟು, ಪೂರ್ತಿ ಮುಗಿಸಬೇಕು ಎಂದಿದ್ದರು. ಎರಡು ದಿನಕ್ಕೆ ಊತ ಇಳಿಯಿತು. ಅಳತೆ ಮುಟ್ಟಿತು, ಕತ್ತರಿ ನಿಂತಿತು. ಗುಣ ಆದ ಮೇಲೂ ಮಾತ್ರೆ ನುಂಗುವುದೆಂದರೆ ಶರ್ಟು ಹೊಲಿದು ಮುಗಿದ ಮೇಲೂ ಮೆಷಿನ್ ತುಳಿದ ಹಾಗಲ್ಲವೇ? ಮಿಕ್ಕ ಮಾತ್ರೆಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ತುಂಡು ಬಟ್ಟೆಯನ್ನೇ ಎಸೆಯದವಳು, ಜೇಬಿನ ಒಳಪದರಕ್ಕಾದರೂ ಆದೀತು ಎಂದು ಎತ್ತಿಡುವವಳು, ಮಾತ್ರೆ ಎಸೆದಾಳೆಯೇ? ಬಟನ್ ತುಂಬಿದ ಬಿಸ್ಕತ್ತಿನ ಡಬ್ಬಿಗೆ ಅವನ್ನೂ ಹಾಕಿ ಮುಚ್ಚಳ ಅದುಮಿದಳು.

ಆಮೇಲೆ ಒಂದು ದಿನ ಎದುರಿನ ಇಸ್ತ್ರಿಯವನಿಗೆ ಗಂಟಲು ಕಟ್ಟಿತು. ಬೀದಿಯ ಸುದ್ದಿಯೆಲ್ಲ ಸಾಗುತ್ತಿದ್ದುದೇ ಆ ಗಂಟಲಿನ ಮೂಲಕ, ಆದ್ದರಿಂದ ಅದು ಕಟ್ಟಿದ್ದು ಎಲ್ಲರಿಗೂ ತೊಂದರೆಯ ವಿಷಯವಾಗಿತ್ತು. ದೊಡ್ಡಮ್ಮ ಡಬ್ಬಿ ತೆಗೆದು ಎರಡು ಮಾತ್ರೆ ಕೊಟ್ಟಳು. ಮಾರನೇ ದಿನಕ್ಕೆ ಗಂಟಲು ಬಿಟ್ಟಿತು. “ನಮ್ಮ ದೊಡ್ಡಮ್ಮಂದು ಏನು ಕೈಗುಣ ಅಂತೀರಿ!” ಎಂದು ಇಸ್ತ್ರಿಯವನು ಬಿಸಿ ಬಟ್ಟೆಯ ಜೊತೆ ಬಿಸಿ ಸುದ್ದಿಯನ್ನೂ ಮನೆಮನೆಗೆ ಹಂಚಿದ. ಅಲ್ಲಿಂದ ಕೆಮ್ಮಿದವರು, ಸೀನಿದವರು, ಹೊಟ್ಟೆ ಕೆಟ್ಟವರು ಎಲ್ಲ ಶರ್ಟಿನ ಅಳತೆ ಕೊಡಲು ಬಂದವರ ಹಿಂದೆ ಸರತಿಯಲ್ಲಿ ನಿಂತರು.

ಮಾತ್ರೆಗೆ ಬರವಿರಲಿಲ್ಲ. ಅರ್ಧಕ್ಕೆ ನಿಲ್ಲಿಸುವ ಚಟ ದೊಡ್ಡಮ್ಮನೊಬ್ಬಳದೇ ಏನು? ಡಾಕ್ಟರ ಹತ್ತಿರ ಹೋಗಿಬಂದವರು ಜ್ವರ ಬಿಟ್ಟ ಕೂಡಲೇ ಮಿಕ್ಕಿದ್ದನ್ನು ತಂದು, “ಇಟ್ಕೊಳ್ಳಿ ದೊಡ್ಡಮ್ಮ, ಯಾರಿಗಾದ್ರೂ ಆಗುತ್ತೆ” ಎಂದು ಕೊಟ್ಟುಹೋಗುತ್ತಿದ್ದರು. ದೊಡ್ಡಮ್ಮ ಬಟನ್ ಆರಿಸುವ ಕಣ್ಣಿನಲ್ಲೇ ಮಾತ್ರೆಯನ್ನೂ ಆರಿಸುತ್ತಿದ್ದಳು. ಗಂಟಲಿಗೆ ಕೆಂಪು ಹಳದಿಯದು. ಹೊಟ್ಟೆಗೆ ಉದ್ದನೆಯ ಬಿಳಿಯದು. ಆಸಾಮಿ ದಪ್ಪಗಿದ್ದರೆ ಎರಡು, ಸಣಕಲನಾದರೆ ಒಂದು. ಇದಕ್ಕೆಲ್ಲ ಅವಳು ‘ಪವರ್ ಮಾತ್ರೆ’ ಎಂದು ಹೆಸರಿಟ್ಟಿದ್ದಳು. ವಾಸಿಯಾದವರು ಬಂದು ಹೊಗಳುತ್ತಿದ್ದರು. ಆಗದವರು ಡಾಕ್ಟರ ಹತ್ತಿರ ಹೋಗುತ್ತಿದ್ದರು, ಅವರು ಬಂದು ಹೇಳುತ್ತಿರಲಿಲ್ಲ. ಹೀಗಾಗಿ ದೊಡ್ಡಮ್ಮನ ಕಿವಿಗೆ ಬಿದ್ದದ್ದೆಲ್ಲ ಹೊಗಳಿಕೆಯೇ.

ಆ ವರ್ಷ ಶಾಲೆ ಶುರುವಾಗುವ ಮುಂಚಿನ ವಾರಗಳಲ್ಲಿ ಯೂನಿಫಾರಂ ರಾಶಿ ಬಿದ್ದಿತ್ತು. ಅಂಥ ದಿನಗಳಲ್ಲಿ ಅಕ್ಕ ತಂಗಿ ಇಬ್ಬರೂ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಏಳಬೇಕು, ಎದ್ದರೆ ಹಿತ್ತಲಿಗೆ ಹೋಗಬೇಕು, ಅಲ್ಲಿ ಪಕ್ಕದ ಮನೆಯವರು ಒಳಗೆ ಕೂತು ಹಾಡು ಹೇಳುತ್ತಿದ್ದರೆ ಕಾಯಬೇಕು. ಅಷ್ಟರಲ್ಲಿ ಒಂದು ತೋಳು ಹೊಲಿದು ಮುಗಿಯುತ್ತದೆ. ಒಣಗಿದ ಬಾಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ಕೆಲಸ ಮಾಡುತ್ತಿದ್ದರು. ಆದರೆ ಚಿಕ್ಕಮ್ಮ ಇದ್ದಕ್ಕಿದ್ದಂತೆ ಗಳಿಗೆಗೊಮ್ಮೆ ಏಳತೊಡಗಿದಳು.

“ಏನೇ ಅದು, ಹಿತ್ತಲಲ್ಲಿ ನಿಧಿ ಸಿಕ್ತಾ?” ಎಂದು ದೊಡ್ಡಮ್ಮ ಕೇಳಿದಳು.

“ಉರಿ ಅಕ್ಕ. ಹೋದ್ರೆ ನಾಲ್ಕು ಹನಿ, ಅದೂ ಬೆಂಕಿ.”

“ಡಾಕ್ಟರಿಗೆ ತೋರಿಸೋಣ ನಡಿ.”

“ಮೂಲೆ ಕ್ಲಿನಿಕ್ಕಿನ ಆ ಮೀಸೆಯವನಿಗಾ? ಏನಂತ ಹೇಳ್ಲಿ? ನಿನಗೆ ನಾಚಿಕೆ ಇಲ್ದೇ ಇರಬಹುದು, ನನಗಿದೆ.” ಸ್ವಲ್ಪ ಹೊತ್ತು ಸೂಜಿಗೆ ದಾರ ಪೋಣಿಸಲು ಹೆಣಗಾಡಿ, ಆಮೇಲೆ ಗೊಣಗಿದಳು: “ನಿನ್ನ ಡಬ್ಬೀಲಿ ಏನೋ ಒಂದು ಇರುತ್ತಲ್ಲ, ಕೊಡು.”

ದೊಡ್ಡಮ್ಮನ ಎದೆ ಉಬ್ಬಿತು. ಇಷ್ಟು ವರ್ಷ ಬಾಯಿಗೆ ಬಂದಂತೆ ಆಡಿಕೊಂಡವಳು ಕೊನೆಗೂ ಕೈ ಚಾಚಿದ್ದಳು! ಡಬ್ಬಿ ತಡಕಿ ಒಂದು ದುಂಡನೆಯ ಬಿಳಿ ಮಾತ್ರೆ ಕೊಟ್ಟಳು, ಸಂಜೆಗೆ ಇನ್ನೊಂದು. ಮಾರನೇ ದಿನ ಉರಿ ತಗ್ಗಿತು. “ಗುಣ ಆಯ್ತಾ?” ಎಂದು ಕೇಳಿದಳು. “ಆಯ್ತು” ಎಂದಳು ಚಿಕ್ಕಮ್ಮ. ಆಯಿತಲ್ಲ, ಮತ್ತೆ ಮಾತ್ರೆ ಯಾಕೆ? ನಿಲ್ಲಿಸಿದರು.

ವಾರ ಕಳೆಯುವಷ್ಟರಲ್ಲಿ ಉರಿ ಮತ್ತೆ ಬಂತು. ದೊಡ್ಡಮ್ಮ ಮತ್ತೆ ಡಬ್ಬಿ ತೆಗೆದಳು. ಆ ದುಂಡನೆಯವು ಮುಗಿದಿದ್ದವು, ಆದ್ದರಿಂದ ಉದ್ದನೆಯದು ಕೊಟ್ಟಳು. ಈ ಸಲ ಉರಿ ಹೋಗಲಿಲ್ಲ. ಚಿಕ್ಕಮ್ಮ ಮಾತ್ರ “ಪರವಾಗಿಲ್ಲ, ಕಮ್ಮಿ” ಎಂದು ಬೆನ್ನು ತಿರುಗಿಸಿ ಕಾಜಾ ಹಾಕುತ್ತಾ ಕೂತಳು. ಮೂರನೇ ಸಲ ಕೆಂಪು ಹಳದಿಯದು, ಅದು ಗಂಟಲಿನ ಮಾತ್ರೆ, ಇರಲಿ, ಪವರ್ ಪವರೇ. ಅದನ್ನು ನುಂಗಿದ ಮಾರನೇ ಮಧ್ಯಾಹ್ನ ಚಿಕ್ಕಮ್ಮ ಮಡಿಲಲ್ಲಿದ್ದ ಶರ್ಟಿನ ಸಮೇತ ಪಕ್ಕಕ್ಕೆ ವಾಲಿದಳು. ಮೈ ಕೆಂಡವಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಸೊಂಟದ ಮೇಲೆ ಕೈ ಇಟ್ಟರೆ ಚೀರುತ್ತಿದ್ದಳು.

ಆಟೊ ಸಿಗಲಿಲ್ಲ. ಇಸ್ತ್ರಿಯವನು ತನ್ನ ತಳ್ಳುಗಾಡಿಯ ಮೇಲಿನ ಬಟ್ಟೆಯ ಗಂಟುಗಳನ್ನು ಕೆಳಗೆ ಒಗೆದು ಅವಳನ್ನು ಮಲಗಿಸಿಕೊಂಡ. ಇನ್ಯಾರದೋ ಬೆಡ್‌ಶೀಟ್ ಹೊದಿಸಿ, ಬೀದಿಯ ನಾಲ್ಕು ಜನ ಹಿಂದೆ ಮುಂದೆ ತಳ್ಳಿಕೊಂಡು ಆಸ್ಪತ್ರೆಗೆ ನಡೆದರು. ದೊಡ್ಡಮ್ಮ ಪಕ್ಕದಲ್ಲಿ ಓಡುತ್ತಾ ತಂಗಿಯ ಕೈ ಹಿಡಿದಿದ್ದಳು. ಬೈಯಲು ಬಾಯಿ ಬರುತ್ತಿರಲಿಲ್ಲ, ತಂಗಿಯೂ ಬೈಯುತ್ತಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ವಾರ್ಡಿನ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ನಾಲಿಗೆಯಲ್ಲಿ ದೊಡ್ಡವಳು. ಹೊಟ್ಟೆ, ಬೆನ್ನು ಒತ್ತಿ ನೋಡಿ, “ಮೂತ್ರದ ಸೋಂಕು ಕಿಡ್ನಿಗೆ ಏರಿದೆ. ಮೊದಲೇ ಏನಾದ್ರೂ ಆಂಟಿಬಯೋಟಿಕ್ ಕೊಟ್ಟಿದ್ರಾ?” ಎಂದು ಕೇಳಿದಳು. ಮಂಚದ ಸುತ್ತ ಇಸ್ತ್ರಿಯವನೂ ಬೀದಿಯ ಜನವೂ ನಿಂತಿದ್ದರು. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಕ್ಷೀಣವಾದ ದನಿ ಬಂತು.

“ನಾನೇ ಡಬ್ಬಿಯಿಂದ ಕದ್ದು ತಿಂದೆ. ನಮ್ಮಕ್ಕನಿಗೆ ಏನೂ ಗೊತ್ತಿಲ್ಲ.”

“ಯಾವ ಮಾತ್ರೆ?”

“ಬಿಳೀದು.”

“ಎಲ್ಲಾನೂ ಬಿಳೀದೇ ಇರುತ್ತಮ್ಮ. ಯಾವುದು ಅಂತ ಗೊತ್ತಾದ್ರೆ, ಯಾವುದಕ್ಕೆ ಜಗ್ಗಿಲ್ಲ ಅಂತಾದ್ರೂ ಗೊತ್ತಾಗುತ್ತೆ.”

ದೊಡ್ಡಮ್ಮ ಮಂಚದ ಸುತ್ತ ನಿಂತವರ ಮುಖ ನೋಡಿದಳು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಬೀದಿಯ ಎದುರು ಕೈಗುಣ ಕೈಗುಣವಾಗಿಯೇ ಇರುತ್ತಿತ್ತು. ಆಮೇಲೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಗಿ ಸಿಟ್ಟು ನೆತ್ತಿಗೇರಿತು.

“ಸುಳ್ಳು! ಅವಳ ಮುಖಕ್ಕೆ ಕದಿಯೋ ಯೋಗ್ಯತೆ ಬೇರೆ! ಆ ಡಬ್ಬಿ ಮುಚ್ಚಳ ತೆಗೆಯೋಕೇ ಅವಳಿಗೆ ಬರಲ್ಲ, ಉಗುರು ಮುರ್ಕೋತಾಳೆ. ನಾನೇ ಕೊಟ್ಟಿದ್ದು ಡಾಕ್ಟರೇ. ಮೂರು ಸಲ ಕೊಟ್ಟೆ, ಮೂರೂ ಬೇರೆ ಬೇರೆ.”

ಇಸ್ತ್ರಿಯವನು ಓಡಿಹೋಗಿ ಡಬ್ಬಿ ತಂದ. ಡಾಕ್ಟರಮ್ಮ ಮೇಜಿನ ಮೇಲೆ ಅದನ್ನು ಬೋರಲು ಹಾಕಿದಾಗ ಬಟನ್ನುಗಳು ವಾರ್ಡಿನ ತುಂಬ ಉರುಳಿದವು. ಮಾತ್ರೆಯ ಹೆಸರಿದ್ದ ಹರಿದ ಪಟ್ಟಿಗಳು, ಒಂಟಿ ಮಾತ್ರೆಗಳು, ಅಂಟಿಕೊಂಡು ಮುದ್ದೆಯಾದ ಮಾತ್ರೆಗಳು. ಅವಳು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

“ಇದು ಯಾವ ಮಾತ್ರೆ?”

“ಅದು ಬಟನ್ನು. ಮಕ್ಕಳ ಶರ್ಟಿಂದು.”

“ಮತ್ತೆ ಇದು?”

ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಅದೂ... ಬಟನ್ನೇ ಇರಬೇಕು.”

ಇಸ್ತ್ರಿಯವನು ಗಂಟಲು ಮುಟ್ಟಿ ನೋಡಿಕೊಂಡ. “ಹಾಗಾದ್ರೆ ಅವತ್ತು ನಾನು ನುಂಗಿದ್ದು ಏನು ದೊಡ್ಡಮ್ಮ?” ಎಂದ.

ಮೂರರಲ್ಲಿ ಎರಡು ಯಾವುವೆಂದು ಗೊತ್ತಾಯಿತು. ಡಾಕ್ಟರಮ್ಮ ಬೇರೊಂದು ಔಷಧಿಯ ಇಂಜೆಕ್ಷನ್ ಶುರು ಮಾಡಿಸಿ, ಜನರನ್ನೆಲ್ಲ ಹೊರಗೆ ಅಟ್ಟಿ, ದೊಡ್ಡಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದಳು.

“ಆಂಟಿಬಯೋಟಿಕ್ ಅಂದ್ರೆ ಏನು ಅಂದ್ಕೊಂಡಿದ್ದೀರಿ?”

“ಪವರ್ ಮಾತ್ರೆ.”

“ಅದು ಬ್ಯಾಕ್ಟೀರಿಯಾ ಅನ್ನೋ ಕ್ರಿಮೀನ ಕೊಲ್ಲೋ ಮಾತ್ರೆ. ಒಂದಕ್ಕೆ ಸಾಯೋದು ಇನ್ನೊಂದಕ್ಕೆ ಸಾಯಲ್ಲ. ನೆಗಡಿ ತರೋದು ವೈರಸ್ಸು, ಅದಕ್ಕೂ ಈ ಮಾತ್ರೆಗೂ ಸಂಬಂಧಾನೇ ಇಲ್ಲ.”

“ಇಲ್ಲದೆ ಏನು? ಎಷ್ಟು ಜನಕ್ಕೆ ವಾಸಿ ಆಗಿದೆ!”

“ನೆಗಡಿ ತಾನಾಗಿ ಬರುತ್ತೆ, ತಾನಾಗಿ ಹೋಗುತ್ತೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಹೆಸರು ಕಾಗೆಗೆ ಬಂತು.”

ಕಾಗೆ ಎನಿಸಿಕೊಂಡದ್ದಕ್ಕೆ ಬೇರೆ ದಿನವಾಗಿದ್ದರೆ ದೊಡ್ಡಮ್ಮ ಮೂರು ತಲೆಮಾರು ಎತ್ತಿ ಬೈಯುತ್ತಿದ್ದಳು. ಅಂದು, “ಇವಳಿಗೆ ಮೊದಲ ಸಲ ಕಮ್ಮಿ ಆಗಿತ್ತಲ್ಲ?” ಎಂದಷ್ಟೇ ಕೇಳಿದಳು.

“ಆಗಿರುತ್ತೆ. ಮೊದಲು ಸಾಯೋದು ಪುಕ್ಕಲು ಕ್ರಿಮಿಗಳು. ಉರಿ ತಗ್ಗುತ್ತೆ, ನೀವು ಗುಣ ಆಯ್ತು ಅಂದ್ಕೋತೀರಿ. ಒಳಗೆ ಗಟ್ಟಿಪಿಂಡಗಳು ಉಳಿದಿರುತ್ತವೆ. ನೀವು ಮಾತ್ರೆ ನಿಲ್ಲಿಸಿದ್ರೆ ಅವೇ ಸಂಸಾರ ಹೂಡ್ತವೆ, ಅವುಗಳ ಮಕ್ಕಳೂ ಗಟ್ಟಿಪಿಂಡಗಳೇ. ಇನ್ನೊಂದು ಮಾತ್ರೆ ಅರ್ಧಂಬರ್ಧ ಕೊಟ್ಟು ಅವಕ್ಕೆ ಅದನ್ನೂ ಅಭ್ಯಾಸ ಮಾಡಿಸಿದ್ರಿ. ಈಗ ಯಾವುದಕ್ಕೆ ಬಗ್ಗುತ್ತವೆ ಅಂತ ನನಗೂ ಗೊತ್ತಿಲ್ಲ. ಮೂತ್ರ ಲ್ಯಾಬಿಗೆ ಕಳಿಸಿದ್ದೀನಿ, ಅಲ್ಲಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಒಂದೊಂದು ಔಷಧಿ ಹಾಕಿ ನೋಡ್ತಾರೆ.”

“ಬೆಳೆಸ್ತಾರಾ? ಇರೋದನ್ನ ಕೊಲ್ಲಿ ಅಂತ ಬಂದ್ರೆ ಬೆಳೆಸ್ತೀರಾ?”

“ಯಾವುದಕ್ಕೆ ಸಾಯುತ್ತೆ ಅಂತ ತಿಳಿಯೋಕಮ್ಮ. ಎರಡು ಮೂರು ದಿನ ಬೇಕು. ಅಲ್ಲೀವರೆಗೆ ಈ ಇಂಜೆಕ್ಷನ್ ಕೈ ಹಿಡಿಯಲಿ ಅಂತ ಬೇಡ್ಕೊಳ್ಳಿ. ಸೋಂಕು ರಕ್ತಕ್ಕೆ ಇಳಿದ್ರೆ ಜೀವಕ್ಕೇ ಅಪಾಯ.”

ಇಂಜೆಕ್ಷನ್ ಕೈ ಹಿಡಿಯಲಿಲ್ಲ. ಮಾರನೇ ದಿನವೂ ಜ್ವರ ಇಳಿಯಲಿಲ್ಲ. ಚಿಕ್ಕಮ್ಮ ಏನೇನೋ ಬಡಬಡಿಸುತ್ತಿದ್ದಳು, ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಡಿದು ಗಾಳಿಯಲ್ಲೇ ಕಾಜಾ ಹಾಕುತ್ತಿದ್ದಳು. ದೊಡ್ಡಮ್ಮ ಪಕ್ಕದಲ್ಲಿ ಕೂತು ತನ್ನ ಅಂಗೈ ನೋಡಿಕೊಂಡಳು. ಇವಳು ಸತ್ತರೆ ಕೊಂದವಳು ನಾನೇ ಎಂದು ಸ್ಪಷ್ಟವಾಗಿ ಅನಿಸಿತು, ಅದಕ್ಕೆ ಯಾವ ಸಮಾಧಾನವೂ ಹೊಳೆಯಲಿಲ್ಲ. ಒದ್ದೆ ಬಟ್ಟೆಯಿಂದ ತಂಗಿಯ ಹಣೆ ಒರೆಸಲು ಎತ್ತಿದ ಕೈಯನ್ನೇ ಹಿಂದಕ್ಕೆ ತೆಗೆದುಕೊಂಡು, ಬಟ್ಟೆಯನ್ನು ನರ್ಸಿಗೆ ಕೊಟ್ಟು, “ನೀವೇ ಒರೆಸಿ ತಾಯಿ, ನನ್ನ ಕೈ ಬೇಡ” ಎಂದಳು. ನರ್ಸಿಗೆ ಇನ್ನೂ ಇಪ್ಪತ್ತು ಮಂಚ ನೋಡುವುದಿತ್ತು. “ನಾಟಕ ಸಾಕು, ಒರೆಸಿ” ಎಂದು ಬಟ್ಟೆಯನ್ನು ವಾಪಸು ಎಸೆದು ಹೋದಳು.

ತಟ್ಟೆಯ ವರದಿ ಬಂದಾಗ ಡಾಕ್ಟರಮ್ಮ ನಗಲಿಲ್ಲ. ಮಾಮೂಲಿ ಔಷಧಿಗಳಲ್ಲಿ ಒಂದಕ್ಕೂ ಆ ಕ್ರಿಮಿಗಳು ಜಗ್ಗಿರಲಿಲ್ಲ. ಜಗ್ಗುವಂಥವು ಒಂದೋ ಎರಡೋ ಉಳಿದಿದ್ದವು. ಅದರಲ್ಲೊಂದನ್ನು ಡ್ರಿಪ್‌ನಲ್ಲಿ ಬಿಟ್ಟರು. ದೊಡ್ಡಮ್ಮ ಹನಿ ಬೀಳುವುದನ್ನೇ ನೋಡುತ್ತಾ ಕೂತಳು. ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಹಣೆ ಬೆವರಿತು. ಮಧ್ಯಾಹ್ನ ಕಣ್ಣು ಬಿಟ್ಟು, ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ತಲೆ ಬಾಚ್ಕೊಳ್ಳೇ. ಕಾಯಿಲೆ ನನಗೋ ನಿನಗೋ?” ಎಂದಳು. ದೊಡ್ಡಮ್ಮ ವಾರ್ಡು ಬೆಚ್ಚಿಬೀಳುವ ಹಾಗೆ ಗೊಳೋ ಎಂದು ಅತ್ತಳು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಉಳಿದ ದಿನಗಳಿಗೆ ಮಾತ್ರೆ ಕೊಟ್ಟು, “ಹುಷಾರಾಗಿದೆ ಅಂತ ಅನ್ನಿಸ್ತು ಅಂತ ನಿಲ್ಲಿಸೋ ಹಾಗಿಲ್ಲ. ನಾನು ಹೇಳಿದಷ್ಟು ದಿನ. ಒಂದೂ ಮಿಗಬಾರದು” ಎಂದು ಚಿಕ್ಕಮ್ಮನಿಗಲ್ಲ, ದೊಡ್ಡಮ್ಮನಿಗೆ ಹೇಳಿದಳು. ಆ ದಿನದಿಂದ ದೊಡ್ಡಮ್ಮ ಮೆಷಿನ್ ನಿಲ್ಲಿಸಿ, ಮಾತ್ರೆ ಒಂದು ಕೈಯಲ್ಲಿ ನೀರಿನ ಲೋಟ ಒಂದು ಕೈಯಲ್ಲಿ ಹಿಡಿದು ಪೊಲೀಸಿನವಳ ಹಾಗೆ ಎದುರು ನಿಲ್ಲತೊಡಗಿದಳು. ನೆಗಡಿಗೆ ಮಾತ್ರೆ ಕೇಳಲು ಬಂದವರಿಗೆಲ್ಲ ಬಾಗಿಲಲ್ಲೇ ಬೈಗುಳ ಸಿಕ್ಕಿತು. ದೊಡ್ಡಮ್ಮನಿಗೆ ಜಂಬ ಬಂದಿದೆ ಎಂದು ಬೀದಿ ಮಾತಾಡಿಕೊಂಡಿತು. ಅವಳು ಕೇಳಿಸಿಕೊಂಡಳು, ನೋವಾಯಿತು, ಮುಂದೆ ಬಂದವರನ್ನೂ ಬೈದೇ ಕಳಿಸಿದಳು.

ಮಾತ್ರೆ ಇನ್ನೂ ಉಳಿದಿರುವಾಗಲೇ ಚಿಕ್ಕಮ್ಮನಿಗೆ ಬೇಸರ ಬಂತು. “ನನಗೆ ಏನೂ ಆಗಿಲ್ಲ ಈಗ. ಬಾಯೆಲ್ಲ ಕಹಿ. ಸಾಕು ಬಿಡು ಅಕ್ಕ.”

“ನುಂಗು.”

“ಗುಣ ಆಯ್ತಲ್ಲ!”

“ಗುಣ ಗಿಣ ಅಂದ್ರೆ ಲೋಟದಲ್ಲಿ ಮೂತಿಗೆ ಇಕ್ತೀನಿ. ಆಯ್ತು ಅಂತ ನಿನ್ನ ಬಾಯಿಂದ ಕೇಳಿ ಕೇಳಿಯೇ ನಾನು ಕೆಟ್ಟಿದ್ದು. ಎರಡನೇ ಸಲ ಕಮ್ಮಿ ಅಂದ್ಯಲ್ಲ, ಆಗಿತ್ತಾ ನಿಜವಾಗ್ಲೂ?”

ಚಿಕ್ಕಮ್ಮ ಕಿಟಕಿಯ ಕಡೆ ನೋಡಿದಳು. “ಇಲ್ಲ. ಅದು ಕೆಲಸ ಮಾಡ್ತಿಲ್ಲ ಅಂತ ಆಗಲೇ ಗೊತ್ತಾಗಿತ್ತು.”

“ಗೊತ್ತಾಗಿ? ಮೂರನೇ ಸಲಾನೂ ಕೈ ಚಾಚಿ ಇಸ್ಕೊಂಡ್ಯಲ್ಲೇ, ಯಾಕೆ?”

“ನೀನು ಕೊಟ್ಟೆ, ಅದಕ್ಕೆ.”

“ಇಷ್ಟು ವರ್ಷ ನನ್ನ ಕೈಗುಣಾನ ಬೀದೀಲಿ ಹಾಕಿ ತುಳಿದವಳು ನೀನೇ ಅಲ್ವೇನೇ!”

“ಬೊಗಳೋದು ಬೇರೆ ಅಕ್ಕ,” ಎಂದಳು ಚಿಕ್ಕಮ್ಮ, “ನುಂಗೋದು ಬೇರೆ.”

ತಾನು ಬಟನ್ ಕೊಟ್ಟಿದ್ದರೂ ಇವಳು ನುಂಗುತ್ತಿದ್ದಳು ಎಂದು ದೊಡ್ಡಮ್ಮನಿಗೆ ಹೊಳೆಯಿತು. ಆಸ್ಪತ್ರೆಯಲ್ಲಿ ಕೂತ ದಿನಗಳಲ್ಲೂ ಇಷ್ಟು ಭಯ ಆಗಿರಲಿಲ್ಲ. ಮಂಚದ ಅಂಚಿನಲ್ಲಿ ತಂಗಿಯ ಪಕ್ಕ ಕೂತಳು.

“ಏನು ಗರ ಬಡಿದವಳ ಹಾಗೆ ಕೂತೆ?” ಚಿಕ್ಕಮ್ಮ ಅಕ್ಕನ ಅಂಗೈಯಿಂದ ಮಾತ್ರೆ ಎತ್ತಿ ಬಾಯಿಗೆ ಹಾಕಿಕೊಂಡಳು. “ನೀರು ಕೊಡ್ತೀಯೋ, ಹೀಗೇ ಗಂಟಲಲ್ಲಿ ಸಿಕ್ಕಿಸ್ಕೊಂಡು ಸಾಯ್ಲೋ?”

ದೊಡ್ಡಮ್ಮ ಲೋಟ ಎತ್ತಿ ಅವಳ ತುಟಿಗೆ ಹಿಡಿದಳು. ಅರ್ಧ ನೀರು ಚಿಕ್ಕಮ್ಮನ ಕೊರಳಿನ ಮೇಲೆ ಚೆಲ್ಲಿತು.